ನಡುವೆ ನಿಲ್ಲುತ್ತಿದ್ದ ಉಸಿರು

ಗುಡಗೇರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಒಂದು ಮಧ್ಯಾಹ್ನ ಗಿರಾಕಿಯೊಬ್ಬಳು ಎದುರಿಗೆ ಕುಳಿತು ಮಗಳ ಸೀಮಂತದ ಸುದ್ದಿ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ನನಗೆ ಜೋಂಪು ಹತ್ತಿತು. ಮಷೀನಿನ ಸೂಜಿ ಬೆರಳಿನ ಉಗುರಿನೊಳಗೇ ತೂರಿತು. ನೋವಿಗಿಂತ ನಾಚಿಕೆ ಹೆಚ್ಚಾಯಿತು. ಮೈ ದಪ್ಪಗಿದ್ದು ಕೂತಲ್ಲೇ ತೂಕಡಿಸುವ ನನ್ನನ್ನು ಊರವರು ಮೈಗಳ್ಳಿ ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಪಂಚಮಿಗೆ ತವರಿಗೆ ಬಂದ ನಾದಿನಿ ನನ್ನ ಬಾಜೂಕ ಮಲಗಿದ್ದಳು. ಬೆಳಿಗ್ಗೆ ಚಹಾ ಕುಡಿಯುವಾಗ, "ವೈನಿ, ನೀವು ಗೊರಕಿ ಹೊಡಿಯೂದಕ್ಕ ನಾ ಅಂಜಲಿಲ್ರಿ. ನಡುವ ಒಮ್ಮೆಲೆ ಗಪ್ಪ ಆಗ್ತೀರಿ, ಉಸಿರೇ ಇರಂಗಿಲ್ಲ" ಎಂದು ಅತ್ತೇಬಿಟ್ಟಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೈಗೆಲ್ಲ ವೈರು ಹಚ್ಚಿ ಮಲಗಿಸಿ ಪರೀಕ್ಷೆ ಮಾಡಿದರು. "ಇದು ಮೈಗಳ್ಳತನ ಅಲ್ರಿ" ಎಂದರು ಡಾಕ್ಟರು. "ನಿದ್ದ್ಯಾಗ ಗಂಟಲಾ ಮುಚ್ಚಿ ಉಸಿರು ನಿಲ್ತೈತಿ. ರಾತ್ರಿಯೆಲ್ಲಾ ನಿಮಗ ಖರೇ ನಿದ್ದಿನೇ ಆಗಂಗಿಲ್ಲ." ಮೂಗಿಗೆ ಗಾಳಿ ಊದುವ ಮಾಸ್ಕು ಕೊಟ್ಟರು. ತೂಕ ಇಳಿಸಲು ಜಠರವನ್ನು ಸಣ್ಣದು ಮಾಡುವ ಆಪರೇಷನ್ ಇದೆ, ಆದರೆ ಮೊದಲು ಮಾಸ್ಕು ರೂಢಿಯಾಗಲಿ, ಇಲ್ಲದಿದ್ದರೆ ಅರಿವಳಿಕೆ ಕೊಡುವುದು ಅಪಾಯ ಎಂದರು.

ಮಾಸ್ಕು ಹಾಕಿಕೊಂಡು ಮಲಗಿದ ಕೆಲವೇ ದಿನಗಳಲ್ಲಿ ನನ್ನ ತಲೆ ತಿಳಿಯಾಯಿತು. ಆಪರೇಷನ್ನಿನ ಧೈರ್ಯ ಬಂದದ್ದೂ ಆಗಲೇ.

"ಕಡಿಮಿ ಉಣ್ಣಾಕ ಹೊಟ್ಟಿ ಕೊಯ್ಸಿಕೋಬೇಕೇನ ಬೇ?" ಎಂದರು ಅತ್ತೆ.

"ಕಡಿಮಿ ಉಂಡೂ ನೋಡೇನ್ರಿ ಅತ್ತಿ. ಈಗ ಇದನ್ನ ಮಾಡಿಸ್ಕೊಳ್ಳಾಕೀನ" ಎಂದೆ.

ಪತಿ ಚಪ್ಪಲಿ ಮೆಟ್ಟಿ ನಿಂತೇಬಿಟ್ಟರು. "ನಡಿ, ಹೋಗೂಣು."

ಆಪರೇಷನ್ ಆದ ಮೇಲೆ ಮೊದಮೊದಲು ಬರೀ ಬೇಳೆಯ ಕಟ್ಟು, ತಿಳಿ ಮಜ್ಜಿಗೆ. ಕಟ್ಟು ಸೋಸಿ ಕೊಡುತ್ತಿದ್ದವರು ಅತ್ತೆಯೇ. ಮುಂದೆ ಕಾಲು ರೊಟ್ಟಿಯನ್ನು ನುರಿಸಿ ನುರಿಸಿ ಉಣ್ಣುವುದು ಕಲಿತೆ. ಒಮ್ಮೆ ಅವಸರಪಟ್ಟು ವಾಂತಿ ಮಾಡಿಕೊಂಡೆ. ಕೂದಲು ಉದುರಿ ಸಣ್ಣ ಜಡೆಯಾಯಿತು, ಆಮೇಲೆ ಮತ್ತೆ ಬಂತು. ವಿಟಮಿನ್ ಗುಳಿಗೆಗಳನ್ನು ಮಾತ್ರ ಜೀವನಪೂರ್ತಿ ನುಂಗಬೇಕು.

ಮೈ ಸಾಕಷ್ಟು ಇಳಿದ ಮೇಲೆ ಮತ್ತೆ ಪರೀಕ್ಷೆಯಾಯಿತು. ಉಸಿರು ನಿಲ್ಲುವುದು ಬಹಳ ಕಡಿಮೆಯಾಗಿತ್ತು. ಮಾಸ್ಕು ಇನ್ನಷ್ಟು ದಿನ ಇರಲಿ ಎಂದರು. ನಾನು ಕೇಳಿದ್ದು ಒಂದೇ, "ಸ್ಕೂಟರ್ ಕಲೀಲೇನ್ರಿ?" ಹಗಲು ತೂಕಡಿಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಡಾಕ್ಟರು ಹೂಂ ಅಂದರು.

ಈಗ ದಾರ, ಲೈನಿಂಗ್ ಬಟ್ಟೆ ತರಲು ಕುಂದಗೋಳಕ್ಕೆ ನಾನೇ ಹೋಗುತ್ತೇನೆ. ಹಿಂದೆ ಕೂತ ಅತ್ತೆ ಭುಜ ಹಿಡಿದು ದಾರಿಯುದ್ದಕ್ಕೂ ಹೇಳುತ್ತಾರೆ, "ಸಾವಕಾಶ ಹೊಡಿ ಬೇ!"