ಒಲೆ ಕಾಣದ ಚೌಕಟ್ಟು

ನನ್ನ ಫೋನಿನಲ್ಲಿ ಹನ್ನೊಂದು ಸೆಕೆಂಡಿನ ಒಂದು ವಿಡಿಯೊ ಇದೆ. ಎಷ್ಟು ಸಲ ಅಳಿಸಿದರೂ ಮತ್ತೆ ಬರುತ್ತದೆ. ಹೊರಗಿನ ತಿಂಡಿಯ ಬಗ್ಗೆ ನಾಲ್ಕು ಜನಕ್ಕೆ ಬುದ್ಧಿ ಹೇಳುವ ಹುಕಿ ಯಾರಿಗೋ ಬಂದಾಗಲೆಲ್ಲ ಅದು ಊರು ಸುತ್ತಿ ನನ್ನ ಬಾಗಿಲಿಗೇ ಬರುತ್ತದೆ. ಅದರಲ್ಲಿರುವುದು ಒಂದು ದೊಡ್ಡ ಕೊಪ್ಪರಿಗೆ, ಕುದಿಯುತ್ತಿರುವ ಹುಣಸೆ ಗೊಜ್ಜು, ಪಕ್ಕದಲ್ಲಿ ಹಸಿರು ಗಾಜಿನ ಬಳೆ ತೊಟ್ಟ ವಯಸ್ಸಾದ ಹೆಂಗಸು. ಆಕೆ ಮುಷ್ಟಿಯನ್ನು ಬಾಯಿಯ ಹತ್ತಿರ ತಂದು ಮೂರು ಸಲ ಥೂ ಥೂ ಎನ್ನುತ್ತಾಳೆ, ಬಗ್ಗಿ ಕೈ ಬಿಡುತ್ತಾಳೆ. ಅಷ್ಟೇ. ಗೊಜ್ಜು ನಮ್ಮದು, ಶೆಡ್ಡು ನಮ್ಮದು, ಕ್ಯಾಮೆರಾ ಹಾಕಿಸಿದವಳು ನಾನು. ಆಕೆ ಗೊಜ್ಜಿಗೆ ಉಗುಳಲಿಲ್ಲ ಎನ್ನುವುದನ್ನು ಆಕೆಯನ್ನು ಬಿಟ್ಟರೆ ಎದುರಿಗೆ ನಿಂತು ಕಂಡವಳು ನಾನೊಬ್ಬಳೇ. ಉಗುಳಿದಳು ಎಂದು ಒಪ್ಪಿಕೊಂಡು ಲೋಕಕ್ಕೆಲ್ಲ ಬರೆದವಳೂ ನಾನೇ.

ತುಮಕೂರಿನಲ್ಲಿ ನಮ್ಮ ಮಾವನವರದು ಹುಣಸೆಹಣ್ಣಿನ ಮಂಡಿ. ನನ್ನ ಯಜಮಾನರು ಹೋದ ಮೇಲೆ ಮಂಡಿ ಮೈದುನನ ಪಾಲಿಗೆ ಹೋಯಿತು, ಹುಣಸೆಹಣ್ಣಿನ ಗುರುತು ಮಾತ್ರ ನನ್ನ ಪಾಲಿಗೆ ಉಳಿಯಿತು. ಹಣ್ಣನ್ನು ಮೂಸಿ ಹೊಸದೋ ಹಳೆಯದೋ ಹೇಳಬಲ್ಲೆ. ಆ ಒಂದು ವಿದ್ಯೆಯ ಮೇಲೆ ಧೈರ್ಯ ಮಾಡಿ ಮನೆಯ ಹಿಂದೆ ಶೆಡ್ ಹಾಕಿ ಪುಳಿಯೋಗರೆ ಗೊಜ್ಜು ಮಾಡಲು ಶುರು ಮಾಡಿದೆ. ಹಣ್ಣಿನ ಗುರುತಿದ್ದರೆ ಸಾಲದು, ಗೊಜ್ಜಿನ ಹದ ತಿಳಿದವರು ಬೇಕಿತ್ತು. ಯಾರೋ ಗುಬ್ಬಿಯ ಕಡೆಯವರು ಕಡಬದ ಒಬ್ಬ ಹೆಂಗಸಿನ ವಿಷಯ ಹೇಳಿದರು. ಸುತ್ತಮುತ್ತಲ ಮದುವೆಗಳಲ್ಲಿ ಅಡುಗೆಗೆ ಮುಂದೆ ನಿಲ್ಲುವವಳು, ಗಂಡ ಇಲ್ಲ, ಮಗಳನ್ನು ಕುಣಿಗಲ್ ಕಡೆ ಕೊಟ್ಟಿದೆ, ಒಂಟಿ ಜೀವ.

ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಅಕ್ಕ ಎಂದು ಕರೆದೆ, ಹಾಗೇ ನಿಂತಿತು. ಬೆಳಗ್ಗೆ ಗುಬ್ಬಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದಳು. ನಾನು ಶೆಡ್ಡಿನ ಬೀಗ ತೆಗೆಯುವ ಹೊತ್ತಿಗೆ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಮುಗಿಸಿ, ಬಾಯಿ ಮುಕ್ಕಳಿಸಿ, ಸೆರಗು ಸಿಕ್ಕಿಸಿಕೊಂಡು ತಯಾರಿರುತ್ತಿದ್ದಳು. ಗೊಜ್ಜನ್ನು ಆಕೆ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಗುಳ್ಳೆ ಒಡೆಯುವ ಸದ್ದು ಬದಲಾದರೆ ಒಲೆಯಿಂದ ಕರಟ ಹಿಂದಕ್ಕೆ ಎಳೆಯುತ್ತಿದ್ದಳು. ಕರಟದ ಉರಿಯೇ ಬೇಕು, ಗ್ಯಾಸಿನ ಮೇಲೆ ಗೊಜ್ಜು ಬೇಯುತ್ತದೆ ಅಷ್ಟೇ, ಪಕ್ವ ಆಗುವುದಿಲ್ಲ ಎಂದು ಆಕೆಯ ವಾದ. ನಾನು ಸಿಡುಕಿ, ಆಕೆ ಹಟಮಾರಿ. ದಿನಕ್ಕೊಮ್ಮೆ ಜಗಳ ಆಗದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ವ್ಯಾಪಾರ ಸ್ವಲ್ಪ ಕೈಗೆ ಹತ್ತಿದ ಮೇಲೆ ಅಳಿಯ ಬಂದ. ಮ್ಯಾನೇಜ್‌ಮೆಂಟ್ ಓದಿದವನು, ಒಳ್ಳೆಯವನು, ಮಾತಿನಲ್ಲಿ ಮನೆ ಕಟ್ಟುವವನು. ಈಗ ಗಿರಾಕಿಗೆ ರುಚಿ ಆಮೇಲೆ, ನಂಬಿಕೆ ಮೊದಲು ಎಂದ. ಎಲ್ಲರೂ ಶುದ್ಧ, ಮನೆಯ ಕೈರುಚಿ ಎಂದು ಪ್ಯಾಕೆಟ್ಟಿನ ಮೇಲೆ ಬರೆಯುತ್ತಾರೆ; ನಾವು ಬರೆಯುವುದು ಬೇಡ, ತೋರಿಸೋಣ. ಶೆಡ್ಡಿನಲ್ಲಿ ಕ್ಯಾಮೆರಾ ಇಡೋಣ, ಪ್ಯಾಕೆಟ್ಟಿನ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ಯಾರು ಬೇಕಾದರೂ ಆ ಕ್ಷಣದಲ್ಲೇ ನಮ್ಮ ಒಲೆ ನೋಡಬಹುದು. ಅತ್ತೆಯ ಅಡುಗೆಮನೆಗೆ ಇಡೀ ರಾಜ್ಯವನ್ನೇ ನುಗ್ಗಿಸುತ್ತೀಯಲ್ಲಪ್ಪ ಎಂದು ನಾನು ನಕ್ಕೆ. ಆದರೆ ಅವನು ಹೇಳಿದ್ದು ಸುಳ್ಳಾಗಲಿಲ್ಲ. ಆರು ತಿಂಗಳಲ್ಲಿ ಶೆಡ್ಡು ಸಾಲದೆ ಪಕ್ಕದ ಖಾಲಿ ಸೈಟಿಗೂ ಶೀಟು ಹೊದಿಸಿದೆವು. ಪೇಪರಿನಲ್ಲಿ ನನ್ನ ಫೋಟೊ ಬಂತು. ಬೆಂಗಳೂರಿನಲ್ಲಿ ಹತ್ತಾರು ಮಳಿಗೆಗಳಿರುವ ಒಂದು ಕಂಪನಿಯವರು ಮಾತುಕತೆಗೆ ಬಂದರು.

ಕ್ಯಾಮೆರಾಕ್ಕೆ ಕಾಣುವ ಜಾಗಕ್ಕೆ ಅಳಿಯ ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆಸಿದ. ಕೊಪ್ಪರಿಗೆ, ಅದರ ಮೇಲೆ ಕೈಯಾಡಿಸುವವರು ಗೆರೆಯ ಒಳಗೆ. ಆಕಳಿಸುವುದು, ಸೀನುವುದು, ತಲೆ ಕೆರೆದುಕೊಳ್ಳುವುದು, ನಗುವುದು ಎಲ್ಲ ಗೆರೆಯಾಚೆ. ಒಲೆಯ ಬಾಯಿ ಕೆಳಗಿತ್ತು, ಹೊಗೆಯಾಡುವುದು ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಚೌಕಟ್ಟಿನಿಂದ ಬಿಟ್ಟಿದ್ದೆವು. ಉಳಿದ ಹೆಂಗಸರು ಒಂದು ವಾರದಲ್ಲಿ ಗೆರೆ ಕಲಿತರು. ಅಕ್ಕ ಕಲಿಯಲೇ ಇಲ್ಲ. ಗೋಡೆಯ ಮೇಲಿನ ಆ ಕಣ್ಣನ್ನು ಆಕೆ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಕಂಪನಿಯವರು ಬಂದುಹೋದ ವಾರ ನಾನು ದೇವರಾಯನದುರ್ಗಕ್ಕೆ ಹೋಗಿ ಬಂದವಳು ಜ್ವರ ಹಿಡಿದು ಮಲಗಿದೆ. ಐದನೆಯ ದಿನ ಎದ್ದು, ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದೆ. ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಪೇಪರಿನಲ್ಲಿ ಮುಖ ಬಂದಿದೆ, ಊರೆಲ್ಲ ಹೊತ್ತುಗೊತ್ತಿಲ್ಲದೆ ಫೋನಿನಲ್ಲಿ ಒಲೆ ನೋಡುತ್ತಾ ಕೂತಿದೆ, ಇಷ್ಟು ಕಣ್ಣು ಬಿದ್ದ ಮೇಲೆ ಮನುಷ್ಯರು ಸುಮ್ಮನೆ ಎದ್ದು ಓಡಾಡುತ್ತಾರೆಯೇ ಎಂದು ಗೊಣಗಿದಳು. ಉಳಿದವರು ಪಕ್ಕದ ಶೀಟಿನಡಿ ಪ್ಯಾಕೆಟ್ ತುಂಬುತ್ತಿದ್ದರು. ನನ್ನನ್ನು ಅಲ್ಲೇ ಗೆರೆಯಾಚೆ ನಿಲ್ಲಿಸಿ, ಹಿಡಿ ಉಪ್ಪು, ಮೂರು ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ನಿವಾಳಿಸಿದಳು. ನಿವಾಳಿಸಿದ್ದನ್ನು ಬೆಂಕಿಗೆ ಹಾಕಬೇಕು, ಹತ್ತಿರದ ಬೆಂಕಿ ಎಂದರೆ ಕೊಪ್ಪರಿಗೆಯ ಕೆಳಗಿನದು. ಅಲ್ಲಿಗೆ ನಡೆದು, ಮುಷ್ಟಿಯನ್ನು ಬಾಯಿಯ ಹತ್ತಿರ ತಂದು ಥೂ ಥೂ ಥೂ ಎಂದು ಸದ್ದು ಮಾಡಿ, ಬಗ್ಗಿ ಒಲೆಗೆ ಹಾಕಿದಳು. ಉಪ್ಪು ಚಟಪಟ ಎಂದಿತು. ಮೆಣಸಿನಕಾಯಿಯ ಘಾಟು ಸ್ವಲ್ಪವೂ ಬರಲಿಲ್ಲ. ನೋಡಿದಿರಾ, ಎಂಥಾ ದೃಷ್ಟಿ ಆಗಿತ್ತು ಎಂದು ಗೆದ್ದವಳ ಹಾಗೆ ನನ್ನ ಕಡೆ ತಿರುಗಿದಳು. ನನಗೆ ಸಮಾಧಾನ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಅಮ್ಮ ಸತ್ತ ಮೇಲೆ ನನಗೆ ದೃಷ್ಟಿ ತೆಗೆದವರು ಬೇರೆ ಯಾರೂ ಇರಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ, ಫೋನಿನಲ್ಲಿ ನೋಡುತ್ತಿದ್ದ ಯಾರೋ ಕತ್ತರಿಸಿ ಹರಿಬಿಟ್ಟ ಆ ಹನ್ನೊಂದು ಸೆಕೆಂಡು ಊರೂರಿಗೆ ಹೋಗಿತ್ತು. ಒಲೆ ಇಲ್ಲ, ಉಪ್ಪು ಇಲ್ಲ, ನಾನಿಲ್ಲ. ಗೊಜ್ಜಿದೆ, ಉಗುಳುವ ಬಾಯಿದೆ. ಆಕೆಯ ಜಾತಿ ಯಾವುದು ಎಂದು ಕೇಳಿದವರಿದ್ದರು, ಕೈ ಕತ್ತರಿಸಬೇಕು ಎಂದವರಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಪ್ರಮಾಣಿಸುವ ವ್ಯವಧಾನ ಯಾರಿಗಿತ್ತು? ಕಂಪನಿಯವರು ಫೋನ್ ಮಾಡಿ, ಸಂಜೆಯೊಳಗೆ ಏನು ಕ್ರಮ ತೆಗೆದುಕೊಂಡಿರಿ ತಿಳಿಸಿ ಎಂದರು.

ಅಳಿಯನ ಹತ್ತಿರ ಪೂರ್ತಿ ರೆಕಾರ್ಡಿಂಗ್ ಇತ್ತು. ಇಬ್ಬರೂ ಕೂತು ನೋಡಿದೆವು. ಮೊದಲಿನ ಅರ್ಧ ನಿಮಿಷದಲ್ಲಿ ಚೌಕಟ್ಟಿನ ಮೂಲೆಯಲ್ಲಿ ನನ್ನ ಸೀರೆಯ ಅಂಚು ಕಾಣುತ್ತದೆ, ಅದರ ಮುಂದೆ ಸುತ್ತುವ ಬಳೆಯ ಕೈ ಕಾಣುತ್ತದೆ. ಇದನ್ನು ಹಾಕಿ ವಿಷಯ ಹೇಳಿಬಿಡೋಣ ಎಂದೆ. ಅವನು ತುಂಬ ಹೊತ್ತು ಯೋಚಿಸಿ ಹೇಳಿದ. ಹಾಕಿದರೆ ಮಾಲೀಕರು ಪಕ್ಕದಲ್ಲೇ ನಿಂತಿದ್ದರು ಎನ್ನುತ್ತಾರೆ. ದೃಷ್ಟಿ ಎಂದರೆ ಮೂಢನಂಬಿಕೆಯ ಕಾರ್ಖಾನೆ ಎನ್ನುತ್ತಾರೆ. ವಿವರಣೆ ಕೊಡುವವರನ್ನು ಜನ ಕಳ್ಳರು ಅಂದುಕೊಳ್ಳುತ್ತಾರೆ, ಕ್ಷಮೆ ಕೇಳಿದವರನ್ನು ಬಿಟ್ಟುಬಿಡುತ್ತಾರೆ. ಒಬ್ಬರೋ, ಹದಿನೆಂಟು ಜನರ ಕೆಲಸವೋ, ನೀವೇ ನಿರ್ಧಾರ ಮಾಡಿ ಅತ್ತೆ.

ತಪ್ಪನ್ನು ಅವನ ತಲೆಗೆ ಕಟ್ಟುವುದಿಲ್ಲ. ನಾಲ್ಕು ಸಾಲು ನಾನೇ ಬರೆದೆ. ನಮ್ಮ ಘಟಕದಲ್ಲಿ ನಡೆದ ಅಸಹ್ಯಕರ ಘಟನೆಗೆ ವಿಷಾದಿಸುತ್ತೇವೆ, ಆ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ, ಆ ದಿನದ ಗೊಜ್ಜನ್ನು ನಾಶ ಮಾಡಲಾಗಿದೆ, ನಾವು ಏನನ್ನೂ ಮುಚ್ಚಿಡುವುದಿಲ್ಲ. ಕೊನೆಯ ಸಾಲು ಬರೆಯುವಾಗ ಕೈ ನಡುಗಲಿಲ್ಲ ಎನ್ನುವುದೇ ಇವತ್ತಿಗೂ ನನ್ನನ್ನು ಹೆದರಿಸುತ್ತದೆ. ಪೂರ್ತಿ ರೆಕಾರ್ಡಿಂಗ್ ಹದಿನೈದು ದಿನಕ್ಕೆ ತಾನಾಗಿ ಅಳಿಸಿಹೋಗುವ ಏರ್ಪಾಡಿತ್ತು. ಹದಿನೈದು ದಿನ ನಾನು ಸುಮ್ಮನಿದ್ದೆ.

ಬರೆದ ದಿನ ರಾತ್ರಿ ಅಕ್ಕನಿಗೆ ಫೋನ್ ಮಾಡಿ, ಯಾರೋ ತಪಾಸಣೆಗೆ ಬರುತ್ತಾರೆ, ನಾಲ್ಕು ದಿನ ಬರಬೇಡ ಎಂದೆ. ಜ್ವರ ವಾಸಿಯಾಯಿತೇ ಎಂದು ವಿಚಾರಿಸಿದಳು. ಆಕೆಗೆ ಓದಲು ಬರುವುದಿಲ್ಲ. ನಾನು ಬರೆದದ್ದನ್ನು ಕಡಬದಲ್ಲಿ ಯಾರೋ ಓದಿ ಹೇಳಿದರು ಎಂದು ಆಮೇಲೆ ಗೊತ್ತಾಯಿತು. ಆಕೆ ತಿರುಗಿ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಾಲ್ಕು ದಿನ ನಾಲ್ಕು ವರ್ಷವಾಯಿತು.

ವ್ಯಾಪಾರಕ್ಕೆ ಏನೂ ಆಗಲಿಲ್ಲ. ಇನ್ನೂ ಬೆಳೆಯಿತು. ಅದೇ ದಿನ ತಪ್ಪೊಪ್ಪಿಕೊಂಡ ಧೈರ್ಯವಂತೆ ಎಂದು ಜನ ಹೊಗಳಿದರು. ಕಾಲೇಜುಗಳವರು, ಮಹಿಳಾ ಸಂಘದವರು ಭಾಷಣಕ್ಕೆ ಕರೆದರು. ತುಮಕೂರಿನಲ್ಲಿ, ಗುಬ್ಬಿಯಲ್ಲಿ, ಹೋದಲ್ಲೆಲ್ಲ ಮುಖ ಮಸುಕು ಮಾಡಿದ ಆ ವಿಡಿಯೊವನ್ನು ಪರದೆಯ ಮೇಲೆ ತೋರಿಸಿ, ಬಿಕ್ಕಟ್ಟನ್ನು ಹೇಗೆ ನಿಭಾಯಿಸಬೇಕೆಂದು ಹೇಳಿದೆ. ಚಪ್ಪಾಳೆ ಬೀಳುತ್ತಿತ್ತು. ಆದರೆ ಶೆಡ್ಡು ಮೊದಲಿನ ಹಾಗಿರಲಿಲ್ಲ. ಹೆಂಗಸರು ಕೈ ಬಾಯಿಯ ಹತ್ತಿರ ತರಲೂ ಹೆದರುತ್ತಿದ್ದರು. ಗೆರೆಯೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಹಾಡುಹಗಲಲ್ಲೇ, ಗೊಜ್ಜಿನ ಗುಳ್ಳೆ ಸದ್ದು ಬದಲಿಸಿದಾಗ ಯಾರೋ ಕರಟ ಹಿಂದಕ್ಕೆ ಎಳೆದಂತೆ ನನಗೆ ಕೇಳುತ್ತಿತ್ತು. ಬಗ್ಗಿ ನೋಡಿದರೆ ಗ್ಯಾಸಿನ ಒಲೆ. ಕರಟ ಬಿಟ್ಟು ಎರಡು ವರ್ಷ ಆಗಿತ್ತು.

ಹೋದ ವರ್ಷ ಕುಣಿಗಲ್‌ನಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ತರಬೇತಿ ಇತ್ತು. ವಿಡಿಯೊ ತೋರಿಸಿದೆ, ಮಾತು ಮುಗಿಸಿದೆ. ಎಲ್ಲರೂ ಊಟಕ್ಕೆ ಎದ್ದಾಗ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಹತ್ತಿರ ಬಂದಳು. ಕೊತ್ತಗೆರೆಯವಳು ಎಂದಳು. ಸಿಟ್ಟಿರಲಿಲ್ಲ, ಸದ್ದಿಲ್ಲದೆ ಹೇಳಿದಳು.

"ಮುಖ ಮಸುಕು ಮಾಡುದ್ರೇನಮ್ಮ, ಅಪ್ಪ ಹೋದ್ಮೇಲೂ ಬುಡ್ದೆ ಆ ಬಳೆ ತೊಡ್ಸಿದ್ದೋಳು ನಾನೇ. ನಮ್ಮವ್ವ ಈಗ ನನ್ ಜೊತೇಲೇ ಅವ್ಳೆ. ನಿಮ್ಮುನ್ನ ಒಂದು ಮಾತು ಕೇಳ್ಬೇಕು ಅಂತ ಬಾಳ ದಿನದಿಂದ ಕಾಯ್ತಾವ್ಳೆ. ಒಂದ್ಸಲ ಬಂದೋಗಿ."

ಊಟ ಬಿಟ್ಟು ಅವಳ ಜೊತೆ ಹೊರಟೆ. ದಾರಿಯಲ್ಲಿ ಕೇಳಿದೆ, ಅವಳು ಒಂದೊಂದೇ ಹೇಳಿದಳು. ಕಡಬದಲ್ಲಿ ಮದುವೆ ಅಡುಗೆಗೆ ಕರೆಯುವುದು ನಿಂತಿತು. ಆಮೇಲೆ ಆಕೆ ಕೊಟ್ಟ ಪಲ್ಯವನ್ನು ಪಕ್ಕದ ಮನೆಯವರು ತೆಗೆದುಕೊಳ್ಳುವುದು ನಿಂತಿತು. ಮಗಳು ಕರೆದುಕೊಂಡು ಬಂದಳು. ಬಂದ ದಿನದಿಂದ ಅವ್ವ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಕೇಳುವ ಮಾತು ಏನೆಂದು ಮಗಳಿಗೂ ಗೊತ್ತಿರಲಿಲ್ಲ. ನನಗೆ ಗೊತ್ತು ಅಂದುಕೊಂಡೆ. ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾಳೆ, ಬೈಯುತ್ತಾಳೆ, ಬೈಯಲಿ ಎಂದು ಬೆನ್ನು ಗಟ್ಟಿ ಮಾಡಿಕೊಂಡೆ. ಬೈಸಿಕೊಳ್ಳುವ ಆಸೆಯೂ ಇತ್ತು.

ಅಕ್ಕ ಹೊರಗೆ ಚಾಪೆಯ ಮೇಲೆ ಕೂತಿದ್ದಳು. ಸಣ್ಣಗಾಗಿದ್ದಳು. ಬಾಯಿಗೆ ಹಳೆಯ ಪಂಚೆಯ ತುಂಡೊಂದನ್ನು ಅಡ್ಡ ಕಟ್ಟಿಕೊಂಡಿದ್ದಳು. ಮನೆಯಲ್ಲೂ ಕಟ್ಟಿಕೊಂಡೇ ಇರುತ್ತಾಳೆ, ಊಟಕ್ಕೆ ಮಾತ್ರ ಬಿಚ್ಚುತ್ತಾಳೆ, ಅದೂ ಎಲ್ಲರಿಗೂ ಬೆನ್ನು ಮಾಡಿ ಕೂತು ಎಂದಳು ಮಗಳು. ನನ್ನನ್ನು ನೋಡಿ ಆಕೆಯ ಕಣ್ಣು ನಕ್ಕವು. ಜ್ವರ ಆಮೇಲೆ ಮರುಕಳಿಸಲಿಲ್ಲ ತಾನೇ ಎಂದಳು. ನಾಲ್ಕು ವರ್ಷದ ಹಿಂದಿನ ಜ್ವರ. ನಾನು ನೆಲದ ಮೇಲೆ ಕೂತುಬಿಟ್ಟೆ.

ಆಕೆ ಹತ್ತಿರ ಸರಿದು, ಬೇರೆಯವರಿಗೆ ಕೇಳಿಸಬಾರದೆಂಬಂತೆ ಕೇಳಿದಳು.

"ಅಮ್ಮ, ನೀವು ಪಕ್ಕದಲ್ಲೇ ನಿಂತಿದ್ರಿ. ಬೇಜಾರ್ ಮಾಡ್ಕೊಳಕಿಲ್ಲ, ನಿಜ ಹೇಳ್ಬುಡಿ. ನಾನು ಗೊಜ್ಜಿಗೆ ಉಗುದ್ನಾ?"

ಚುಚ್ಚಿ ಮಾತಾಡುತ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದೆ. ಅಲ್ಲ, ಆಕೆ ನಿಜವಾಗಿ ಕೇಳುತ್ತಿದ್ದಳು.

"ಮೊದ್ಲು ನಂಗೆ ಚೆನ್ನಾಗ್ ಜ್ಞಾಪಕ ಇತ್ತು, ಉಪ್ಪು ಒಲೆಗಾಕ್ದೆ ಅಂತ. ಆಮೇಲೆ ಎಲ್ರೂ ಫೋನ್ ತಂದು ತಂದು ತೋರುಸುದ್ರು. ನೋಡ್ತಾ ನೋಡ್ತಾ ನಂಗೂ ಒಲೆ ಕಾಣ್ದಂಗಾಯ್ತು, ಬರೀ ಗೊಜ್ಜೇ ಕಾಣ್ತದೆ. ಅದೂ ಅಲ್ದೆ, ನೀವೂ ಹಂಗೇ ಬರ್ದಿದೀರ ಅಂದ್ರು. ನೀವು ಸುಳ್ಳು ಬರ್ಯೋರಲ್ಲ. ಹಂಗಾದ್ರೆ ಉಗುದಿರ್ಬೇಕು, ನಂಗೇ ತಿಳೀದೆ ಆಗೋಯ್ತೇನೋ ಅಂತ."

ಆಕೆಯ ಕೈಯನ್ನು ಕೊಪ್ಪರಿಗೆಯಿಂದ ಬಿಡಿಸಿದ್ದು ಸಾಲದೆಂದು, ಆಕೆ ಕಣ್ಣಾರೆ ಕಂಡದ್ದನ್ನೂ ನಾನು ಕಿತ್ತುಕೊಂಡಿದ್ದೆ. ನನ್ನ ನಾಲ್ಕು ಸಾಲುಗಳನ್ನು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದವಳು ಆಕೆಯೇ. ಇದು ನನಗೆ ಯಾವ ಭಾಷಣದಲ್ಲೂ ಹೊಳೆದಿರಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ ಅಕ್ಕ. ನೀನು ನನಗೆ ದೃಷ್ಟಿ ತೆಗೆದು ಒಲೆಗೇ ಹಾಕಿದೆ. ನಾನು ನೋಡಿದೀನಿ. ಗೊತ್ತಿದ್ದೇ ಬರೆದೆ. ನಾನು ಬರೆದದ್ದು ಸುಳ್ಳು."

ಬೈಗುಳಕ್ಕೆ ಕಾದೆ. ಆಕೆ ನನ್ನ ಕಡೆ ನೋಡಲೂ ಇಲ್ಲ. ಬಾಯಿಗೆ ಕಟ್ಟಿದ ಬಟ್ಟೆಯ ಗಂಟಿಗೆ ಕೈ ಹಾಕಿದಳು, ಬಿಚ್ಚಲು ಬರಲಿಲ್ಲ. ಹಾಗೇ ಬಾಗಿಲ ಕಡೆ ತಿರುಗಿ ಮಗಳಿಗೆ ಹೇಳಿದಳು.

"ಕೇಳುಸ್ಕೊಂಡೇನವ್ವ? ನಾನು ಉಗುದಿರ್ಲಿಲ್ವಂತೆ."