ಹೊಸ್ತಿಲ ಒಳಗೆ ಓದಿದ ಪತ್ರಿಕೆ

ಪತ್ರಿಕೆಯ ಸುದ್ದಿ ನೇರವಾಗಿ ಜನರಿಗೆ ಮುಟ್ಟುವುದಿಲ್ಲ, ಊರು ನಂಬುವ ಒಬ್ಬನ ಬಾಯಿಗೆ ಬಿದ್ದು ಆಮೇಲೆ ಹರಡುತ್ತದೆ ಎಂದು ಮೊಮ್ಮಗಳ ಕಾಲೇಜಿನ ಪುಸ್ತಕ ಹೇಳುತ್ತದಂತೆ. ಯಾವ ಸುದ್ದಿಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನಿಸುವವನಿಗೆ ಅದರಲ್ಲಿ ಬಾಗಿಲು ಕಾಯುವವನು ಎಂದು ಹೆಸರು. ಅವಳು ಇದನ್ನು ಬಾಯಿಪಾಠ ಮಾಡುವುದು ಕೇಳಿ ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಂಥದೊಂದು ಬಾಗಿಲ ಹಿಂದೆ ಕೂತಿದ್ದವಳು ನಾನು.

ನನ್ನನ್ನು ಕೊಟ್ಟಿದ್ದು ನರಸೀಪುರದ ಹತ್ತಿರದ ಒಂದು ಹಳ್ಳಿಗೆ. ನಂಜನಗೂಡಿನಲ್ಲಿ ಮೇಷ್ಟರಾಗಿದ್ದ ಅಪ್ಪ ನನಗೆ ಓದು ಕಲಿಸಿದ್ದರು. ಊರ ಪಟೇಲರಾಗಿದ್ದ ಮಾವನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಮೈಸೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ಪತ್ರಿಕೆಯನ್ನು ಓದಿ ಹೇಳಲು ಮನೆಯಲ್ಲಿದ್ದದ್ದು ನಾನೊಬ್ಬಳೇ, ನನ್ನ ಯಜಮಾನರಿಗೂ ಓದು ಬರುತ್ತಿರಲಿಲ್ಲ. ಆದರೆ ಸೊಸೆಯ ದನಿ ಜಗಲಿಗೆ ಕೇಳಿಸಬಾರದು. ಹಾಗಾಗಿ ನಾನು ಬಾಗಿಲ ಹಿಂದೆ ಕೂತು ಮೆಲ್ಲಗೆ ಓದಬೇಕು, ಹೊಸ್ತಿಲಿನಾಚೆ ಬಾಗಿಲಿಗೆ ಬೆನ್ನು ಕೊಟ್ಟು ಕೂತ ಮಾವ ಅದನ್ನು ಜಗಲಿಯ ಗಂಡಸರಿಗೆ ಗಟ್ಟಿಯಾಗಿ ಹೇಳಬೇಕು. ಹೇಳುವಾಗ ಬೇಕಾದ್ದಕ್ಕೆ ಉಪ್ಪು ಖಾರ ಹಚ್ಚುತ್ತಿದ್ದರು. ಎಲ್ಲಿಯೋ ಪಟೇಲರ ಮೇಲೆ ದೂರು ಬಂತೆಂದು ಓದಿದರೆ ಕೆಮ್ಮಿ ಮುಂದಕ್ಕೆ ಹೋಗುತ್ತಿದ್ದರು. ನನಗೇನಾಗಬೇಕು ಎಂದು ಸುಮ್ಮನಿದ್ದೆ.

ಆ ವರ್ಷ ನಂಜನಗೂಡಿನಲ್ಲಿ ಪ್ಲೇಗು. ನನಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನಗೆ ತುಂಬ ಹೆದರಿಕೆಯಿತ್ತು, ಅಮ್ಮ ಬೇಕಾಗಿತ್ತು.

"ಪ್ಲೇಗು ಓಯ್ತು ಅಂತ ಪೇಪರ್ನಲ್ಲಿ ಬರ್ಲಿ ಕಣವ್ವ, ಗಾಡಿ ಕಟ್ಸಿ ಕಳಿಸ್ತೀನಿ" ಎಂದು ಮಾವ ಮಾತು ಕೊಟ್ಟರು. ಪ್ರತಿ ವಾರವೂ ಮೊದಲು ಆ ಸುದ್ದಿಯನ್ನೇ ಹುಡುಕುತ್ತಿದ್ದೆ.

ಕೊನೆಗೆ ಬಂತು. ನಂಜನಗೂಡಿನಲ್ಲಿ ಪ್ಲೇಗು ನಿಂತಿದೆ, ಊರಾಚೆ ಗುಡಿಸಲು ಹಾಕಿಕೊಂಡಿದ್ದ ಜನ ಮನೆಗಳಿಗೆ ಮರಳಿದ್ದಾರೆ ಎಂದಿತ್ತು. ಮಾವ ಜಗಲಿಗೆ, "ನಂಜನಗೂಡಲ್ಲಿ ಪ್ಲೇಗು ಇನ್ನೂ ನಿಂತಿಲ್ವಂತೆ" ಎಂದರು.

ನಾನು ತವರಿಗೆ ಹೋದರೆ ಬಾಣಂತನ ಮುಗಿಯುವವರೆಗೆ ಅವರಿಗೆ ಓದಿ ಹೇಳುವವರಿಲ್ಲ, ಜಗಲಿ ಬಿಕೋ ಎನ್ನುತ್ತದೆ. ಅದು ನನಗೆ ಅಲ್ಲೇ ಅರ್ಥವಾಯಿತು.

ಜಗಲಿಯಲ್ಲಿ ನನ್ನ ಯಜಮಾನರೂ ಇದ್ದರು. ಅವರಿಗಾದರೂ ಕೇಳಲಿ ಎಂದು ಅದೇ ಸಾಲನ್ನು ಗಟ್ಟಿಯಾಗಿ ಓದಿದೆ. ಮತ್ತೊಮ್ಮೆ ಓದಿದೆ. ನನ್ನ ದನಿ ಬೀದಿಯವರೆಗೂ ಹೋಗಿರಬೇಕು. ಎಲೆಯಡಿಕೆ ಜಗಿಯುತ್ತಿದ್ದವರೆಲ್ಲ ಬಾಯಾಡಿಸುವುದನ್ನು ನಿಲ್ಲಿಸಿದರು.

ಪಕ್ಕದ ಮನೆಯ ರೈತ ಮಾವನ ಕಡೆ ತಿರುಗಿದ. "ಪೇಪರ್ನಲ್ಲಿ ಏನ್ ಬಂದದೆ, ಪಟೇಲ್ರೇ?"

"ಏಳಿದ್ನಲ್ಲ, ಇನ್ನೂ ನಿಂತಿಲ್ಲ ಕಣ್ಲಾ."

"ಅಂಗಾದ್ರೆ ಈಗ ಕಳ್ಸೋದು ಬ್ಯಾಡ, ಅಪ್ಪಯ್ಯ" ಎಂದರು ನನ್ನ ಯಜಮಾನರು.

ಮಾವ ಕೈ ಹಿಂದಕ್ಕೆ ಚಾಚಿ ಬಾಗಿಲನ್ನು ಅರ್ಧ ಎಳೆದುಕೊಂಡರು. "ಮುಂದ್ಕೆ ಓದವ್ವ" ಎಂದರು. ನಾನು ಮುಂದಕ್ಕೆ ಓದಿದೆ, ಮೆಲ್ಲಗೆ.