ಅಳಿಸದ ಹಗ್ಗ

ನೀಲಕ್ಕ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಗೋಡೆಯನ್ನು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಯಿಟ್ಟು ಕೇಳಿ, ತೀರ್ಪು ಕೊಡುತ್ತಿದ್ದರು. ಲಂಡನ್ ಪಕ್ಕದ ಕ್ರೋಯ್ಡನ್ನಿನ ನಮ್ಮ ಮನೆಗೆ ಮೊದಲ ಸಲ ಬಂದಾಗ ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೇನೆ, ಅವರು ಅಗ್ಗಿಷ್ಟಿಕೆಯ ಕಲ್ಲನ್ನು ತಟ್ಟುತ್ತಿದ್ದಾರೆ.

"ಇದು ಪೊಳ್ಳು ಐತಿ ತಂಗಿ. ಇದನ್ನ ನಂಬಿ ಜೋತು ಬೀಳಬ್ಯಾಡ."

ಅಗ್ಗಿಷ್ಟಿಕೆಗೆ ಜೋತು ಬೀಳುವ ಯೋಚನೆ ನನಗೆ ಯಾವ ಜನ್ಮದಲ್ಲೂ ಬಂದಿರಲಿಲ್ಲ. ಆದರೂ ಹೂಂಗುಟ್ಟಿದೆ.

ಅವರು ಬಾದಾಮಿಯವರು. ವಯಸ್ಸು ಐವತ್ತೈದು, ಎತ್ತರ ನನ್ನ ಭುಜದವರೆಗೆ. ವಾರವೆಲ್ಲ ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ ಆದವರನ್ನು ನಡೆಸುವ ಕೆಲಸ. ಶನಿವಾರ ಮಾತ್ರ ಒಂದು ಹಳೆಯ ಗೋದಾಮಿನಲ್ಲಿ ಮಕ್ಕಳಿಗೆ ಗೋಡೆ ಹತ್ತುವುದನ್ನು ಕಲಿಸುತ್ತಿದ್ದರು. ನನ್ನ ಮಗಳು ಅನಘಾಳೂ ಅಲ್ಲಿಗೆ ಹೋಗುತ್ತಿದ್ದಳು. ನಾನು ಬೆಂಚಿನ ಮೇಲೆ ಸ್ತೋತ್ರದ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಎರಡನೆಯ ವಾರವೇ ನೀಲಕ್ಕ ಬಂದು ನನ್ನ ಸೊಂಟಕ್ಕೊಂದು ಪಟ್ಟಿ ಬಿಗಿದರು.

"ಬರೇ ಕುಂತು ಏನ್ ಮಾಡ್ತಿ? ದೇವರ ಹೆಸರು ಬಾಯಾಗ ಇರಲಿ, ಮಗಳ ಹಗ್ಗ ಕೈಯಾಗ ಇರಲಿ. ಬಲಗೈ ಮಾತ್ರ ಬಿಡಬ್ಯಾಡ. ಮೂಗು ತುರಿಸಿದ್ರ ಎಡಗೈಲೆ ತುರಿಸ್ಕೋ."

ಹಾಗೆ, ಮೈಸೂರಿನಲ್ಲಿ ತುಳಸಿಕಟ್ಟೆ ಬಿಟ್ಟು ಇನ್ನೇನನ್ನೂ ಸುತ್ತಿ ಗೊತ್ತಿಲ್ಲದ ನಾನು, ಗೋಡೆ ಹತ್ತುವವರ ಸೊಂಟದಿಂದ ತುದಿಯ ಕೊಂಡಿ ಬಳಸಿ ಇಳಿದ ಹಗ್ಗವನ್ನು ಕೆಳಗೆ ನಿಂತು ಹಿಡಿಯುವವಳಾದೆ. ರಾಯರ ದಯೆ, ಒಂದು ದಿನವೂ ಕೈ ತಪ್ಪಲಿಲ್ಲ.

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಅವರು ಶಾಲೆಯ ಹಿಂದೆಯೇ ಹತ್ತಿ ಬೆಳೆದವರು. ದೊಡ್ಡವಳಾದ ದಿನ ಅಜ್ಜಿ "ಇನ್ನ ಸಾಕು" ಎಂದು ಇಳಿಸಿದ್ದರಂತೆ. ಮತ್ತೆ ಹತ್ತಿದ್ದು ನಲವತ್ತೈದಕ್ಕೆ, ಈ ಗೋದಾಮಿನಲ್ಲಿ. ಇಲ್ಲಿನ ಗೋಡೆಗಳೆಲ್ಲ ಪ್ಲೈವುಡ್ಡು, ಹಿಡಿಗಳೆಲ್ಲ ಬಣ್ಣದ ಪ್ಲಾಸ್ಟಿಕ್ಕು. ಎಲ್ಲೋ ಮರುಭೂಮಿಯಲ್ಲಿ ಕಂಬದ ಹಾಗೆ ನಿಂತ ಕೆಂಪು ಕಲ್ಲುಗಳಿವೆಯಂತೆ, ಸಾಯುವುದರೊಳಗೆ ಅಂಥದ್ದೊಂದನ್ನು ಹತ್ತಬೇಕು ಎನ್ನುವುದೊಂದೇ ಅವರ ಆಸೆ. ನಮಗೆ ಕಾಶಿ ಇದ್ದ ಹಾಗೆ.

ಒಂದು ಶನಿವಾರ ಅವರು ನಮ್ಮಲ್ಲೇ ಊಟಕ್ಕೆ ಉಳಿದಿದ್ದರು. ಕೈ ತೊಳೆದು ಹಿತ್ತಲಿಗೆ ಬಂದರೆ, ಅನಘಾ ಮಳೆನೀರಿನ ಕೊಳವೆ ಹಿಡಿದು ಮಹಡಿಯ ಬಚ್ಚಲ ಕಿಟಕಿಯ ಎತ್ತರಕ್ಕೆ ಹತ್ತಿಬಿಟ್ಟಿದ್ದಾಳೆ! ನಾನು ಚೀರುವುದಕ್ಕೆ ಬಾಯಿ ತೆರೆದೆ. ನೀಲಕ್ಕ ಅಂಗೈಯಿಂದ ಮುಚ್ಚಿದರು.

"ಅನಘಾ, ಎಡಗಾಲ ಕೆಳಗ ಒಂದು ಬೋಲ್ಟ್ ಐತಿ ನೋಡು. ಹ್ಞಾ, ಅಲ್ಲೇ ಇಡು. ಈಗ ಬಲಗಾಲು. ಅವಸರ ಇಲ್ಲ, ನಂದಿನ್ನೂ ಮಜ್ಜಿಗಿ ಕುಡಿಯೂದು ಬಾಕಿ ಐತಿ."

ಒಂದೊಂದೇ ಹೆಜ್ಜೆಯಾಗಿ ಇಳಿಸಿಕೊಂಡರು. ಕೆಳಗೆ ಬಂದ ಮಗಳನ್ನು ನಾನು ಅಪ್ಪಬೇಕೋ ಬಾರಿಸಬೇಕೋ ತಿಳಿಯದೆ ನಿಂತೆ.

"ಬಟ್ ಆಂಟಿ, ಆ ಆಡ್‌ನಲ್ಲಿ ಹೀ ಹ್ಯಾಡ್ ನೋ ರೋಪ್!" ಎಂದಳು ಅವಳು. ಟಿವಿಯ ಯಾವುದೋ ಜಾಹೀರಾತಿನಲ್ಲಿ ಒಬ್ಬ ಮನುಷ್ಯ ಮರುಭೂಮಿಯ ಕಲ್ಲಿನ ಕಂಬವನ್ನು ಬರಿಗೈಯಲ್ಲಿ ಹತ್ತಿ, ತುದಿಯಲ್ಲಿ ನಿಂತು ಸೆಂಟು ಹಾಕಿಕೊಳ್ಳುತ್ತಿದ್ದ.

"ಹಗ್ಗ ಇತ್ತವ್ವಾ. ಆಮ್ಯಾಲ ಕಂಪ್ಯೂಟರ್‌ನ್ಯಾಗ ಅಳಿಸ್ಯಾರ."

"ದೆನ್ ದೇ ಲೈಡ್, ಸುಳ್ಳು ಹೇಳಿದ್ರು," ಎಂದು ಅನಘಾ ಅತ್ತಳು. ನಾನು ದೇವರ ಮುಂದೆ ಕೂತು ಲೆಕ್ಕ ಹಾಕಿದೆ: ಕೊಳವೆ ಪ್ಲಾಸ್ಟಿಕ್ಕಿನದಲ್ಲ, ಕಬ್ಬಿಣದ್ದು. ಮಳೆ ಬಂದಿರಲಿಲ್ಲ. ನೀಲಕ್ಕ ಉಂಡು ಹೊರಟುಹೋಗಿರಲಿಲ್ಲ. ಒಂದೇ ಮಧ್ಯಾಹ್ನಕ್ಕೆ ಮೂರು ಕರುಣೆ.

ಮರುವರ್ಷ ಜಾಹೀರಾತಿನವರು ಗೋದಾಮಿಗೇ ಬಂದರು. ಚಹಾದ ಫ್ಲಾಸ್ಕಿನ ಜಾಹೀರಾತು. ಐವತ್ತು ದಾಟಿದ ಹೆಂಗಸೊಬ್ಬಳು ಅಮೆರಿಕದ ಮರುಭೂಮಿಯ ಕಲ್ಲಿನ ಕಂಬ ಹತ್ತಿ, ತುದಿಯಲ್ಲಿ ಕೂತು ಬಿಸಿ ಚಹಾ ಕುಡಿಯಬೇಕು. ನೀಲಕ್ಕನೇ ಬೇಕೆಂದರು. "ಹಗ್ಗ ಕಾಣಿಸ್ತೀರೇನು?" ಎಂದು ನೀಲಕ್ಕ ಕೇಳಿದ್ದಕ್ಕೆ "ನೋಡೋಣ" ಎಂದರಂತೆ. ನಾನು ಪರಿಚಯದವರಿಗೆಲ್ಲ ಫೋನ್ ಮಾಡಿ, ಎಲ್ಲರೂ ಟಿವಿ ನೋಡಬೇಕೆಂದು ಸಾರಿಬಿಟ್ಟೆ.

ಅವರು ಅಮೆರಿಕಕ್ಕೆ ಹೋದ ಮೂರನೆಯ ದಿನ, ನಾನು ಮಧ್ಯಾಹ್ನದ ಕಾಫಿಗೆ ಹಾಲಿಟ್ಟಿದ್ದೆ, ಅಲ್ಲಿಂದ ಫೋನ್ ಬಂತು. ಅಲ್ಲಿ ಆಗಿನ್ನೂ ಬೆಳಿಗ್ಗೆ.

"ತಂಗಿ, ಹಗ್ಗ ಅಳಿಸ್ತಾರಂತ. ಅವರು ನೋಡೋಣ ಅಂದದ್ದನ್ನ ನಾ ಆಸಿಗೆ ಬಿದ್ದು ಹೂಂ ಅಂತ ತಿಳಕೊಂಡೆ. ಒಪ್ಪಲಿಲ್ಲಂದ್ರ ಬೇರೆಯಾಕಿನ್ನ ಕರಸ್ತಾರಂತ. ಕಲ್ಲು ಕಣ್ಣೆದುರಿಗೇ ಐತಿ, ಮುಟ್ಟದ ತಿರುಗಿ ಬರಬೇಕೇನೋ."

"ಹತ್ತಿಬಿಡಿ ನೀಲಕ್ಕ. ಅರ್ಧ ನಿಮಿಷದ ಜಾಹೀರಾತು. ಹಗ್ಗ ಇದ್ಯೋ ಇಲ್ವೋ ಅಂತ ಯಾರು ನೋಡ್ತಾರೆ?"

"ಅನಘಾ ನೋಡ್ತಾಳ."

ಅಡುಗೆಮನೆಯ ಕಿಟಕಿಯಾಚೆ ಆ ಕೊಳವೆ ನನ್ನನ್ನೇ ನೋಡುತ್ತಿತ್ತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

"ಹಾಗಾದ್ರೆ ವಾಪಸ್ ಬನ್ನಿ. ಬಿಸಿಬೇಳೆಬಾತ್ ಮಾಡಿಟ್ಟಿರ್ತೀನಿ," ಎಂದೆ.

ಅವರು ಹೋಗಿ ನಿರ್ದೇಶಕನಿಗೆ ಆಗುವುದಿಲ್ಲ ಎಂದುಬಿಟ್ಟರು. ಅವನು ಬೇರೆಯವಳನ್ನು ಕರೆಸಲು ಫೋನ್ ಮಾಡುತ್ತಿದ್ದಾನೆ, ಆ ಮರುಭೂಮಿಯಲ್ಲಿ ಮಳೆ ಸುರಿಯಿತು! ಒದ್ದೆಯಾದ ಮರಳುಗಲ್ಲು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ. ಚೆನ್ನಾಗಿ ಒಣಗುವವರೆಗೆ ಬಲ್ಲವರು ಯಾರೂ ಅದರ ಮೇಲೆ ಕಾಲಿಡುವುದಿಲ್ಲ. ಹೊಸಬಳು ಬಂದರೂ ಹತ್ತುವಂತಿಲ್ಲ. ಎಲ್ಲರೂ ಮೂರು ದಿನ ಸುಮ್ಮನೆ ಕೂತರು. ನಾನಂತೂ ಆ ಮಳೆಯನ್ನು ಮೇಲಿನವನ ಲೆಕ್ಕಕ್ಕೇ ಬರೆದಿದ್ದೇನೆ.

ನಾಲ್ಕನೆಯ ದಿನ ಕ್ಯಾಮೆರಾ ಎಲ್ಲಿಡಬೇಕೆಂದು ನೋಡಲು ನಿರ್ದೇಶಕ ತಾನೇ ಪಕ್ಕದ ಗಿಡ್ಡ ಬಂಡೆಯೊಂದನ್ನು ಹತ್ತಲು ಹೊರಟ. ಹಗ್ಗ ಹಿಡಿಯಲು ನೀಲಕ್ಕ ಮುಂದೆ ಬಂದರು. ಒಂದೂವರೆ ಆಳು ಎತ್ತರ ಹೋಗಿದ್ದಾನೆ, ಕಾಲಡಿಯ ಕಲ್ಲು ಮುರಿದು ಪುಡಿಯಾಯಿತು. ಮನುಷ್ಯ ಕೈಚೀಲದ ಹಾಗೆ ಗಾಳಿಯಲ್ಲಿ ನೇತಾಡಿದ. ನೀಲಕ್ಕ ಕೂಡಲೇ ಇಳಿಸಲಿಲ್ಲ. ಕೆಳಗಿನಿಂದ ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಕೇಳಿದರಂತೆ:

"ಸರ್, ಈಗ ಈ ಹಗ್ಗ ಅಳಿಸಿಬಿಡೂಣೇನು?"

ಸುತ್ತ ಇದ್ದವರೆಲ್ಲ ನಕ್ಕರು. ಒಳ್ಳೆಯ ಹುಡುಗ, ನೇತಾಡುತ್ತಲೇ ಅವನೂ ನಕ್ಕ. ಇಳಿದ ಮೇಲೆ ಹೇಳಿದ್ದು ಒಂದೇ ಮಾತು: "ಹಗ್ಗ ಇರಲಿ."

ಕಲ್ಲು ಚೆನ್ನಾಗಿ ಒಣಗಿದ ಮೇಲೆ ನೀಲಕ್ಕ ಕಂಬ ಹತ್ತಿದರು. ತುದಿಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗವಿತ್ತಂತೆ. "ಅಂಗೈ ಇಟ್ಟು ನೋಡಿದೆ ತಂಗಿ, ನಮ್ಮೂರ ಕಲ್ಲಿನ ಖಾಸಾ ಅಣ್ಣ. ಕುಂತು ಮಾತಾಡಿಸಿ ಬಂದೆ. ಚಾ ಮಾತ್ರ ಉಗುರುಬೆಚ್ಚಗಿತ್ತು, ಯಾರಿಗೂ ಹೇಳಬ್ಯಾಡ."

ಜಾಹೀರಾತು ಬಂದ ಸಂಜೆ ಶನಿವಾರದ ಮಕ್ಕಳೆಲ್ಲ, ಜೊತೆಗೆ ನೀಲಕ್ಕನೂ, ನಮ್ಮ ಹಜಾರದಲ್ಲಿ ಸೇರಿದ್ದರು. ಕೆಂಪು ಕಂಬ, ಅದರ ಮೇಲೆ ಪುಟ್ಟ ನೀಲಕ್ಕ, ಅವರ ಸೊಂಟದಿಂದ ಹೊರಟ ಹಸಿರು ಗೆರೆ. ಅನಘಾ ಸೋಫಾದ ಮೇಲೆ ಎದ್ದು ನಿಂತು, "ಅಮ್ಮಾ ಲುಕ್, ರೋಪ್! ರೋಪ್!" ಎಂದು ಕಿರುಚಿದಳು. ಮಕ್ಕಳು ಚಪ್ಪಾಳೆ ಹೊಡೆದರು. ನೀಲಕ್ಕ ಮಾತ್ರ ಮುಖ ಮುಚ್ಚಿಕೊಂಡರು.

"ಅಯ್ಯ ಶಿವನ, ಕೆಳಗಿಂದ ತೆಗೆದು ಬರೇ ನನ್ನ ಕುಂಡಿನೇ ತೋರ್ಸ್ಯಾರಲ್ಲ!"

ಈಗ ಅವರು ಇಲ್ಲಿಲ್ಲ. ಅವರ ಯಜಮಾನರಿಗೆ ಸ್ಕಾಟ್ಲೆಂಡಿನಲ್ಲಿ ಕೆಲಸವಾಯಿತು. ಹೊರಡುವ ಮುಂಚಿನ ಶನಿವಾರ ಗೋದಾಮಿನಲ್ಲಿ ಮಕ್ಕಳಿಗೆ ಚಕ್ಕುಲಿ ಹಂಚಿ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ಹಿಡದಿ. ಇವತ್ತ ಹತ್ತು. ನಾ ಹಿಡೀತೇನಿ."

ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದೆ. ಹಳದಿ ಹಿಡಿ, ಕೆಂಪು ಹಿಡಿ, ಮತ್ತೆ ಹಳದಿ. ಅರ್ಧಕ್ಕೆ ಬಂದು ಕೆಳಗೆ ನೋಡಿದೆ, ಅಷ್ಟೇ. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ಬೆರಳುಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡವು. ಇಳಿಯಬೇಕಾದರೆ ಎರಡೂ ಕೈ ಬಿಟ್ಟು, ಭಾರವನ್ನೆಲ್ಲ ಹಗ್ಗಕ್ಕೆ ಕೊಟ್ಟು ಕೂರಬೇಕು. ಎಷ್ಟೋ ಮಕ್ಕಳಿಗೆ ನಾನೇ ಕೆಳಗೆ ನಿಂತು ಸುಲಭವಾಗಿ ಹೇಳಿದ ಮಾತು.

"ಕೈ ಬಿಡು ತಂಗಿ."

"ಆಗ್ತಿಲ್ಲ ನೀಲಕ್ಕ!"

"ನಾ ಅದೀನಲ್ಲ. ಬಿಡು."

ರಾಯರನ್ನು ನೆನೆದು ಮೊದಲು ಎಡಗೈ ಬಿಟ್ಟೆ, ಆಮೇಲೆ ಬಲಗೈ. ಹಗ್ಗ ಬಿಗಿಯಾಯಿತು. ನಾನು ಬೀಳಲಿಲ್ಲ. ಗಾಳಿಯಲ್ಲಿ ಕೂತಿದ್ದೆ, ಮೈಯಲ್ಲಿ ಭಾರವೇ ಇಲ್ಲದ ಹಾಗೆ. ಕೆಳಗೆ ಅನಘಾ ಕುಣಿಯುತ್ತಿದ್ದಳು. ನೀಲಕ್ಕ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

"ಇಳಿಸ್ಲೇನು?"

"ಇನ್ನೊಂಚೂರು ಇರಲಿ ನೀಲಕ್ಕ," ಎಂದೆ.